ಹಂಡೆ ಹೊತ್ತ ಸೈನಿಕ

ದಂಡನಾಯಕನ ಗೋರಿಯಲ್ಲಿ ಇಡಲೆಂದು ಮಾಡಿಸಿದ್ದ ಮಣ್ಣಿನ ಸೈನಿಕರ ಕಟ್ಟಕಡೆಯ ಸಾಲಿನಲ್ಲಿ ತನ್ನ ಮುಖ ಕಂಡದ್ದೇ ತಡ, ಗೆಂಗ್ ಮುದುಕ ಬಾಯಿಗೆ ಹಾಕಿಕೊಳ್ಳಲಿದ್ದ ಬೋರೆಹಣ್ಣನ್ನು ಕೈಬಿಟ್ಟ. ಮೊಣಕಾಲೆತ್ತರದ ಗೊಂಬೆ. ಅದೇ ಸೊಟ್ಟ ಮೂಗು, ಅದೇ ಹೋತದ ಗಡ್ಡ. ಉಳಿದವರ ಕೈಯಲ್ಲೆಲ್ಲ ಈಟಿ, ಗುರಾಣಿ. ಇವನ ತಲೆಯ ಮೇಲೆ ಮಾತ್ರ ಬೋರಲು ಹಾಕಿದ ಅಡುಗೆ ಹಂಡೆ.

"ಲುವಾನ್! ಏನೋ ಇದು?"

ಗೊಂಬೆ ಸುಡುವ ಆವಿಗೆಯ ಪಕ್ಕ ಚಾಪೆಯ ಮೇಲೆ ಬಾತುಹೋದ ಕಾಲು ಚಾಚಿ ಕೂತಿದ್ದ ದಂಡನಾಯಕ ಲುವಾನ್ ಕಣ್ಣು ತೆರೆಯಲೂ ಇಲ್ಲ. "ಏನು ಅಂದ್ರೆ? ನೀನೇ. ಗಡೀಲಿ ಹೂಣರ ಕುದುರೆ ಬಂದಾಗ ಬಾವುಟ ಬಿಸಾಕಿ, ಹಂಡೆ ಹೊತ್ಕೊಂಡು ಓಡಿದ್ದು ನೀನಲ್ದೆ ನಿಮ್ಮಪ್ಪನಾ?"

"ಹಂಡೆ ತಲೆ ಮೇಲಿತ್ತು, ಬಾಣ ತಾಗಲಿಲ್ಲ, ಬದುಕಿದೆ. ಆ ಸಂಜೆ ಬೆರಳು ನೆಕ್ಕಿ ನೆಕ್ಕಿ ಕುಡಿದ್ಯಲ್ಲ ನವಣೆ ಗಂಜಿ, ಅದು ಯಾವುದ್ರಲ್ಲಿ ಬೆಂದಿತ್ತು? ನಿನ್ನ ಬಾವುಟದಲ್ಲಾ?"

ಗೊಂಬೆಗಳಿಗೆ ಕೆಂಪು ಬಣ್ಣ ಹಚ್ಚುತ್ತಿದ್ದ ಕುಂಬಾರಗಿತ್ತಿ ನಗು ತಡೆಯಲಾರದೆ ಕುದುರೆಯೊಂದರ ಹಿಂದೆ ತಲೆ ತಗ್ಗಿಸಿದಳು. ದಂಡನಾಯಕನಿಗೆ ಹೀಗೆ ಎದುರು ಮಾತಾಡಿಯೂ ತಲೆ ಉಳಿಸಿಕೊಂಡವನು ವೇಯ್ ನದಿಯ ಆ ದಡ ಈ ದಡ ಹುಡುಕಿದರೂ ಇವನೊಬ್ಬನೇ.

ಆದರೆ ಗೆಂಗ್ ನಗುತ್ತಿರಲಿಲ್ಲ. "ತಮಾಷೆ ಸಾಕು, ತೆಗೆಸು ಇದನ್ನ. ಸತ್ತ ಮೇಲೆ ನಾನು ನನ್ನವಳ ಪಕ್ಕದಲ್ಲಿ ಮಲಗ್ಬೇಕು. ಅವಳನ್ನ ಹೂತ ಹೊಲದ ಬದೂನಲ್ಲಿ ಜಾಗ ಬಿಟ್ಟಿದೀನಿ. ಇದು ನಿನ್ನ ಗೋರಿಗೆ ಹೋಯ್ತೋ, ಅಲ್ಲೂ ಕೋಳಿ ಕೂಗೋ ಮೊದಲೇ ನಿನ್ನ ನಗಾರಿ ಕೇಳಿ ನಾನು ಎದ್ದು ಓಡಿ ಬರ್ಬೇಕು. ಬದುಕಿದ್ದಾಗ ಚಾಕರಿ ಮಾಡಿದ್ದು ಸಾಲ್ದಾ?"

"ಸಾಲ್ದು," ಎಂದ ಲುವಾನ್. ಬಿಸಿ ಮಾಡಿ ತಂದಿಟ್ಟಿದ್ದ ನವಣೆಯ ಮದ್ಯವನ್ನು ಒಂದೇ ಗುಟುಕಿಗೆ ಇಳಿಸಿ, ಎಳೆಬಿಸಿಲಿಗೆ ಮುಖವೊಡ್ಡಿ ಗೊರಕೆ ಶುರುಮಾಡಿದ.

ಗೆಂಗ್ ಕುಂಬಾರಗಿತ್ತಿಯ ಮುಖ ನೋಡಿದ. ಅವಳು ಬೇಕೆಂದೇ ಆವಿಗೆಯ ಕಡೆ ತಿರುಗಿದಳು. ಅಷ್ಟೇ ಸಾಕಾಯಿತು. ಗೊಂಬೆಯನ್ನೆತ್ತಿ ನಿಲುವಂಗಿಯೊಳಗೆ ತುರುಕಿಕೊಂಡು, ಹೊಟ್ಟೆ ನೋವು ಬಂದವನ ಹಾಗೆ ಬಾಗಿ ಬಾಗಿ ಬೇಲಿಯ ಕಡೆಗೆ ಹೆಜ್ಜೆ ಹಾಕಿದ.

"ಗೆಂಗ್," ಹಿಂದಿನಿಂದ ದನಿ ಬಂತು, "ನಿನ್ನ ಹೊಟ್ಟೆಗೆ ಕಾಲು ಯಾವಾಗ ಬಂದ್ವೋ?"

ಅಂಗಿಯ ಸೀಳಿನಿಂದ ಎರಡು ಮಣ್ಣಿನ ಪಾದಗಳು ಇಣುಕುತ್ತಿದ್ದವು. ಗೊರಕೆ ಬರೀ ನಾಟಕ.

"ಮತ್ತೆ ಓಡ್ತಿದೀಯ," ಎಂದ ಲುವಾನ್. "ಈ ಸಲ ನಿನ್ನನ್ನ ನೀನೇ ಹೊತ್ಕೊಂಡು!"

ಗೆಂಗ್ ಗೊಣಗುತ್ತಾ ಗೊಂಬೆಯನ್ನು ತಂದು ಕುಕ್ಕಿದ. ಕುಂಬಾರಗಿತ್ತಿ ಓಡಿ ಬಂದು ಹಿಡಿದುಕೊಂಡಳು. "ಅಯ್ಯೋ, ನಿಧಾನ ಅಜ್ಜಾ! ಬೇರೆಯವರೆಲ್ಲ ಅಚ್ಚಿನವರು. ಒಬ್ಬ ಒಡೆದರೆ ಇನ್ನೊಬ್ಬನ್ನ ತೆಗೀತೀನಿ. ಇದೊಂದನ್ನ ಮಾತ್ರ ದಂಡನಾಯಕರು ಪಕ್ಕದಲ್ಲೇ ಕೂತು ಕೈಯಲ್ಲಿ ಮಾಡಿಸಿದ್ದು. ಮೂಗು ಇನ್ನೂ ಸೊಟ್ಟ, ಇನ್ನೂ ಸೊಟ್ಟ ಅಂತ ನನ್ನ ಪ್ರಾಣ ತೆಗೆದ್ರು."

ಉಳಿದ ಸಾಲುಗಳನ್ನು ಗೆಂಗ್ ಸರಿಯಾಗಿ ನೋಡಿದ್ದು ಆಗಲೇ. ಎಲ್ಲರದ್ದೂ ಒಂದೇ ದುಂಡು ಮುಖ, ಒಂದೇ ಮೀಸೆ. ಒಬ್ಬನ ಹಣೆಯ ಮೇಲೂ ಒಂದು ಗೆರೆಯಿಲ್ಲ.

"ಇವರಲ್ಲಿ ಒಬ್ಬನ ಹೆಸರೂ ನನಗೆ ಗೊತ್ತಿಲ್ಲ ಕಣೋ," ಎಂದ ಲುವಾನ್, ಬಾತ ಕಾಲನ್ನು ನೀವಿಕೊಳ್ಳುತ್ತಾ. ಗೆಂಗ್‌ನ ಕಡೆ ಅವನು ನೋಡಲಿಲ್ಲ.

ಗೆಂಗ್ ಗಡ್ಡ ಕೆರೆದುಕೊಂಡ.

"ಸತ್ತ ಮೇಲೂ ಹಬ್ಬಕ್ಕೆ ಮನೆಗೆ ಬಿಡ್ಬೇಕು. ಅವಳು ಕಾಯ್ತಿರ್ತಾಳೆ."

"ಹೋಗು."

"ಬೆಳಗಿನ ಕವಾಯತಿಗೆ ನಾನು ಬರಲ್ಲ."

"ಯಾವಾಗ ಬಂದಿದ್ದೆ?"

"ಹಂಡೆ ತೆಗೆಸು."

"ಅದೊಂದು ಆಗಲ್ಲ. ಅಲ್ಲಿ ಗಂಜಿ ಮಾಡೋರು ಯಾರು?"

ಮೊದಲ ಹಿಮ ಬೀಳುವ ಹೊತ್ತಿಗೆ ಲುವಾನ್ ತೀರಿಕೊಂಡ. ಗೋರಿಯಲ್ಲಿ ಸೈನ್ಯ ಜೋಡಿಸುವ ದಿನ, ಬೇಡವೆಂದರೂ ಕೇಳದೆ ಗೆಂಗ್ ತಾನೇ ಕೆಳಗಿಳಿದ. ಕುದುರೆಗಳು ಮುಂದೆ, ಈಟಿಯವರು ಅವುಗಳ ಹಿಂದೆ, ಎಲ್ಲರ ಮುಖವೂ ಬಾಗಿಲ ಕಡೆಗೆ. ಶವಪೆಟ್ಟಿಗೆಗೆ ತೀರಾ ಹತ್ತಿರದ ಕೊನೆಯ ಜಾಗದಲ್ಲಿ ತನ್ನ ಗೊಂಬೆಯನ್ನಿಟ್ಟು, ಹೆಗಲು ಹಿಡಿದು ಪೆಟ್ಟಿಗೆಯ ಕಡೆಗೆ ತಿರುಗಿಸಿದ.

ಮೇಲಿನಿಂದ ಲುವಾನ್‌ನ ಮಗ ಬಗ್ಗಿ ನೋಡಿ ಕೂಗಿದ: "ಚಿಕ್ಕಪ್ಪಾ, ಅದೊಂದು ಹಿಂದುಮುಂದಾಗಿದೆ! ಶತ್ರು ಬರೋದು ಈ ಕಡೆಯಿಂದ!"

"ಗೊತ್ತು ಕಣಪ್ಪ," ಎಂದ ಗೆಂಗ್, ತೋಳಿನಿಂದ ಮೂಗೊರೆಸಿಕೊಳ್ಳುತ್ತಾ. "ಶತ್ರೂನ ನೋಡ್ಕೊಳ್ಳೋಕೆ ಇಷ್ಟು ಜನ ಇದಾರೆ. ನಿಮ್ಮಪ್ಪನಿಗೆ ಬೈಯೋಕೆ ಎದುರಿಗೊಬ್ಬ ಬೇಡ್ವಾ?"