ಚಿಟಿಕೆ ದೊರೆಯ ಕಾಲುಮಣೆ

"ಥೂ, ಕಾಲು ಚಾಚೋಕೆ ಒಂದು ಗತಿ ಇಲ್ವಲ್ಲ ಇಲ್ಲಿ!" ಎಂದು ಗೊಣಗಿದ ಚಿಟಿಕೆ ದೊರೆ, ಕ್ಷೌರದ ಕುರ್ಚಿಯಲ್ಲಿ ಕೂತಲ್ಲಿಂದಲೇ ಒಂದು ಚಿಟಿಕೆ ಹೊಡೆದ. ಬಾಗಿಲ ಬಳಿ ಹಲ್ಲು ಕಿರಿಯುತ್ತ ನಿಂತಿದ್ದ ಕಡ್ಡಿ ಎಂಬ ಹುಡುಗ ನಿಂತ ನಿಲುವಿನಲ್ಲೇ ಕಾಲುಮಣೆಯಾಗಿಬಿಟ್ಟ. ದೊರೆ ಅದರ ಮೇಲೆ ಬೂಟುಗಾಲು ಚಾಚಿ, "ಆಹಾ, ಹದವಾಗಿದೆ. ಕ್ಷೌರ ಮುಗೀಲಿ, ಅರಮನೆಗೆ ಒಯ್ಯೋಣ," ಎಂದ.

ಕ್ಷೌರಿಕನ ಮಗಳು ಚೂಟಿ ಗುಡಿಸುವುದನ್ನು ಬಿಟ್ಟು ಓಡಿಬಂದಳು. ಕಡ್ಡಿ ಅವಳ ಜೀವದ ಗೆಳೆಯ. ಅರಮನೆ ಸೇರಿದರೆ ಮುಗಿಯಿತು, ಮತ್ತೆ ಅವನ ಮುಖ ನೋಡುವ ಮಾತೇ ಇಲ್ಲ. ಅಪ್ಪನಿಗೆ ಹೇಳೋಣವೆಂದರೆ, ಆ ಮಹಾಶಯ ಸೋಪು ಹುಡುಕುವ ನೆಪದಲ್ಲಿ ಬೀರುವಿನ ಹಿಂದೆ ಹೋದವನು ಈಚೆಗೆ ಬಂದೇ ಇಲ್ಲ. ದೊಡ್ಡವರ ಹಣೆಬರಹವೇ ಅಷ್ಟು ಬಿಡಿ. ಅಂಚೆಯಣ್ಣ ದೀಪದ ಕಂಬವಾಗಿ ವರ್ಷವಾಗಿತ್ತು. ಜನ ಅವನ ಬೆಳಕಲ್ಲೇ ಓಡಾಡುತ್ತ, ಕಾಗದ ಬರುತ್ತಿಲ್ಲವೆಂದು ಮಾತ್ರ ಗೊಣಗುತ್ತಿದ್ದರು.

ಚೂಟಿ ತನ್ನ ಇನ್ನೊಬ್ಬ ಗೆಳೆಯ ಡುಮ್ಮನನ್ನು ಮೂಲೆಗೆ ಎಳೆದು, ಅವನ ಬೆರಳುಗಳನ್ನು ಎಣ್ಣೆ ಬಟ್ಟಲಲ್ಲಿ ಅದ್ದಿದಳು. "ಈಗ ಚಿಟಿಕೆ ಹೊಡಿ ನೋಡೋಣ."

ಡುಮ್ಮ ಹೊಡೆದ. ಬೆರಳು ಜಾರಿತೇ ಹೊರತು ಸದ್ದು ಬರಲಿಲ್ಲ. ಅವನ ಕಣ್ಣು ಅರಳಿತು. "ಅಬ್ಬಾ, ನಿನ್ನ ತಲೆಯೇ!"

"ಹೊಗಳೋದು ಆಮೇಲೆ. ಸೋಪು, ಟವೆಲ್ಲು ಎಲ್ಲಾ ಬಚ್ಚಿಡು ಹೋಗು."

ಬಳಿಕ ಅವಳು ದೊರೆಯ ಮುಂದೆ ಹೋಗಿ ಮಾತಿನಲ್ಲಿ ಜೇನು ಸುರಿಸಿದಳು. "ದೊರೆಗಳೇ, ದಿನವಿಡೀ ಚಿಟಿಕೆ ಹೊಡೆದು ಬೆರಳು ಎಷ್ಟು ಸೋತಿದೆಯೋ ಪಾಪ! ಒಂಚೂರು ಎಣ್ಣೆ ಹಚ್ಚಿ ತಿಕ್ಕಿಕೊಡ್ಲಾ?" ಹೊಗಳಿಕೆಗೆ ಉಬ್ಬದ ದೊರೆ ಯಾವ ಲೋಕದಲ್ಲೂ ಹುಟ್ಟಿಲ್ಲ. ಎರಡೂ ಕೈ ಚಾಚಿ ಕಣ್ಣು ಮುಚ್ಚಿದ. ಚೂಟಿ ಮೊಣಕೈಯಿಂದ ಉಗುರಿನ ತುದಿಯವರೆಗೆ ಎಣ್ಣೆ ತೊಟ್ಟಿಕ್ಕುವ ಹಾಗೆ ತಿಕ್ಕಿದಳು. ತಿಕ್ಕಿ ಮುಗಿಸಿದವಳೇ ಸೊಂಟಕ್ಕೆ ಕೈಯಿಟ್ಟು ನಿಂತು, "ಈಗ ನಮ್ಮ ಕಡ್ಡೀನ ಕೊಡಿ," ಎಂದಳು.

ದೊರೆ ಸಿಡಿದು ಚಿಟಿಕೆ ಹೊಡೆದ. ಪಚಕ್. ಇನ್ನೊಂದು ಕೈಯಲ್ಲಿ ಹೊಡೆದ. ಪಚಕ್. ಮೈಗೆ ಒರೆಸಿಕೊಳ್ಳೋಣವೆಂದರೆ ಕುತ್ತಿಗೆಯಿಂದ ಮೊಣಕಾಲವರೆಗೆ ಕ್ಷೌರದ ಪ್ಲಾಸ್ಟಿಕ್ ಹೊದಿಕೆ! ಏಳಲು ಹೋದರೆ ಡುಮ್ಮ ಧೊಪ್ಪನೆ ತೊಡೆಯ ಮೇಲೆ ಕೂತ. ಚಿಟಿಕೆ ಇಲ್ಲದ ದೊರೆಯೆಂದರೆ ಬರೀ ಒಬ್ಬ ಬಡಕಲು ಮುದುಕ. ಆ ಭಾರಕ್ಕೆ ಕುಯ್ಯೋ ಮರ್ರೋ ಎಂದ.

ಚೂಟಿ ಕುಣಿಯಲು ಒಂದು ಕಾಲೆತ್ತಿದವಳು ಹಾಗೇ ನಿಂತುಬಿಟ್ಟಳು. "ಅಯ್ಯೋ, ಕೆಟ್ಟೆವಲ್ಲೋ ಡುಮ್ಮ! ಕಡ್ಡೀನ ವಾಪಸ್ ಮನುಷ್ಯ ಮಾಡೋಕೂ ಚಿಟಿಕೇನೇ ಬೇಕಲ್ಲೋ!"

ದೊರೆಯ ಮುಖಕ್ಕೆ ಕಳೆ ಬಂತು. "ಕೈ ಒರೆಸು ಮಗಳೇ. ಆಣೆಗೂ ಅವನನ್ನ ಮೊದಲಿನ ಹಾಗೇ ಮಾಡ್ತೀನಿ."

"ಬೇಡ ಕಣೇ," ಡುಮ್ಮ ಅಳತೊಡಗಿದ, "ಕಳ್ಳನ ಕೈಗೇ ಬೀಗದಕೈ ಕೊಟ್ಟ ಹಾಗಾಗುತ್ತೆ."

"ಕೊಡೋರ್ ಯಾರು? ಕೈ ಅವರದೇ ಇರಲಿ, ಹೊಡೆಯೋದು ನಾನು." ಚೂಟಿ ದೊರೆಯ ಎರಡೇ ಎರಡು ಬೆರಳನ್ನು ತನ್ನ ಲಂಗದಲ್ಲಿ ಒರೆಸಿ, ಪೌಡರ್ ಹಚ್ಚಿ, ಪುಟ್ಟ ಮಗುವಿಗೆ ಕಲಿಸುವ ಹಾಗೆ ಹಿಡಿದು ಒತ್ತಿದಳು. ಟಪ್! ಕಾಲುಮಣೆ ಮೇಕೆಯಾಯಿತು. ಚಿಟಿಕೆ ಹೊಡೆಸುವವರ ತಲೆಯಲ್ಲಿ ಏನಿದೆಯೋ ಅದೇ ಆಗುವುದು, ಅವಳ ಕಿವಿಯ ಪಕ್ಕದಲ್ಲೋ ಡುಮ್ಮ ಮೇಕೆಯ ಹಾಗೆ ಅಳುತ್ತಿದ್ದ. "ಬಾಯ್ಮುಚ್ಚೋ!" ಎಂದು ಗದರಿ, ಅವಳು ಕಣ್ಣು ಮುಚ್ಚಿ ಕಡ್ಡಿಯನ್ನು ನೆನೆದಳು. ಅವನ ಸೊಟ್ಟ ಹಲ್ಲು, ತರಚಿದ ಮೊಣಕಾಲು, ಎರಡೂ ಜೇಬಲ್ಲಿ ತುಂಬಿಕೊಳ್ಳುವ ಕಲ್ಲು. ಅವನಿಲ್ಲದೆ ನಾಳೆ ಬೆಳಗಾಗುವುದೇ ಬೇಡವೆನಿಸಿತು. ಟಪ್!

"ಅಮ್ಮಾ, ನನ್ನ ಬೆನ್ನು!" ಎನ್ನುತ್ತ ಕಡ್ಡಿ ಎದ್ದು ಕೂತ. ಮೂವರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತು, ನಕ್ಕು, ಮತ್ತೆ ಅತ್ತರು. ಅಷ್ಟು ಹೊತ್ತೂ ಡುಮ್ಮ ದೊರೆಯ ತೊಡೆ ಬಿಟ್ಟು ಏಳಲಿಲ್ಲ. ಆಮೇಲೆ ಕುರ್ಚಿಯನ್ನು ಬಾಗಿಲಿಗೆ ತಳ್ಳಿ ಟಪ್ ಟಪ್ ಎನಿಸಿದರೆ, ಬೀದಿಯ ಕಂಬ, ಬೆಂಚು, ನಲ್ಲಿಗಳೆಲ್ಲ ಮೈಮುರಿದೆದ್ದು ಮನೆಗೆ ಓಡಿದವು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಅಂಗಡಿಯ ಮುಂದೆ ದೊಡ್ಡವರ ಸಾಲೇ ನಿಂತಿತು. ಕೃತಜ್ಞತೆ ಹೇಳಲು ಬಂದರೆಂದು ಚೂಟಿ ಹಿಗ್ಗಿದಳು.

"ಪುಟ್ಟಿ, ನಮ್ಮತ್ತೆನ ಒಂದೇ ಒಂದು ವಾರ ಹೂಕುಂಡ ಮಾಡಮ್ಮ."

"ನಮ್ಮ ಪಕ್ಕದ ಮನೆಯವನನ್ನ ಕಾಗೆ ಮಾಡು ತಾಯೀ. ಹೇಗೂ ಅದೇ ಸ್ವರ."

ಎಲ್ಲರನ್ನೂ ಸರಿಸಿಕೊಂಡು, ಬೀರುವಿನ ಹಿಂದಿನಿಂದ ಬಂದ ಅಪ್ಪ ಮುಂದೆ ನಿಂತ. "ಮಗಳೇ, ಮೊದಲು ಮನೆಯವರ ಕೆಲಸ. ಎದುರು ಅಂಗಡಿ ಕ್ಷೌರಿಕ ಇದ್ದಾನಲ್ಲ, ನನ್ನ ಗಿರಾಕಿಗಳನ್ನೆಲ್ಲ ಎಳ್ಕೊಂಡವನು, ಅವನನ್ನ ಒಂದು ಕಾಲುಮಣೆ ಮಾಡಿಬಿಡು. ನಮ್ಮ ಅಂಗಡಿಗೂ ಬೇಕಲ್ಲ."

ಬೆನ್ನು ಉಜ್ಜಿಕೊಳ್ಳುತ್ತಿದ್ದ ಕಡ್ಡಿ ಮೆಲ್ಲಗೆ ಹೇಳಿದ: "ಕಾಲುಮಣೆಗೆ ಎಲ್ಲಾ ಕೇಳಿಸ್ತಾ ಇರುತ್ತೆ, ಮಾಮ. ಮಾತಾಡೋಕೆ ಮಾತ್ರ ಆಗಲ್ಲ."

ಸಾಲು ಹಿಂದಿನಿಂದ ಒಬ್ಬೊಬ್ಬರಾಗಿ ಕರಗಿತು. ಕೊನೆಗೆ ಉಳಿದ ಅಪ್ಪ, ಮಗಳ ಮುಖ ನೋಡಲಾಗದೆ ತಲೆ ತಗ್ಗಿಸಿ, ದೊರೆಯ ಕೈಯನ್ನು ತಾನೇ ಹಿಡಿದು ಎಣ್ಣೆ ಬಟ್ಟಲಲ್ಲಿ ಅದ್ದಿದ.