ಭಾನುವಾರದ ಜರ್ಮನ್

“ಹೆಸರೇನಪ್ಪ ನಿಂದು?” ಎಂದು ದ್ವಾರಕಾನಾಥರು ಫೋನಿನಲ್ಲಿ ಕೇಳಿದರು.

“ಜೈ, ಅಂಕಲ್,” ಎಂದ ಅವರ ಸ್ವಂತ ಮಗ ನಿಹಾಲ್.

ಸುಳ್ಳು ಸಲೀಸಾಗಿ ಬಂತು. ಅಪ್ಪ ಮಗ ಮಾತಾಡಿ ಏಳು ವರ್ಷವಾಗಿತ್ತು. ಡೀಸೆಲ್ ಹೊಗೆ ಕುಡಿದು ನಿಹಾಲನ ಗಂಟಲು ಒರಟಾಗಿತ್ತು. ಸಾಲದ್ದಕ್ಕೆ ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಅಮೆರಿಕದಲ್ಲಿ ಹುಟ್ಟಿದ ನಮ್ಮ ಮಕ್ಕಳೆಲ್ಲ ಹಾಗೇ ಮಾತಾಡುತ್ತವೆ, ಯಾರ ಮನೆಯದು ಅಂತ ಗುರುತು ಹತ್ತುವುದಿಲ್ಲ.

ಉಪಾಯ ಬಾಲು ಅಂಕಲ್‌ದು. ಅಪ್ಪನ ಹಳೆಯ ಸ್ನೇಹಿತ. ಬೋಲಿಂಗ್‌ಬ್ರೂಕ್ ಎಂಬ ಊರಿನಲ್ಲಿ ನಿಹಾಲ್ ಟ್ರಕ್ಕುಗಳ ಆಯಿಲ್ ಬದಲಿಸುವ ಗ್ಯಾರೇಜಿಗೆ ಒಂದು ಮಧ್ಯಾಹ್ನ ಬಂದು ನಿಂತಿದ್ದರು.

“ನಿಮ್ಮಪ್ಪಂಗೆ ಕಣ್ಣು ಹೋಗಿದೆ ಕಣೋ. ಆ ಜರ್ಮನ್ ಪೇಪರ್ಸ್ ಓದಿ ಹೇಳೋರು ಬೇಕಂತೆ. ಕಾಲೇಜ್ ಹುಡುಗ ಅಂತ ಹೇಳ್ತೀನಿ. ಹೆಸರು ಕೇಳಿದ್ರೆ ಜೈ ಅನ್ನು. ನಿನ್ನ ಹೆಸರೆತ್ತಿದ್ರೆ ಫೋನ್ ಇಟ್ಬಿಡ್ತಾನೆ.”

“ಅಂಕಲ್, ಐ ಕಾಂಟ್ ಈವನ್ ರೀಡ್ ಇಂಗ್ಲಿಷ್.”

“ಅರ್ಥ ಆಗ್ಬೇಕಿಲ್ವೋ. ಅಕ್ಷರ ಇದ್ದ ಹಾಗೆ ಓದು, ಸಾಕು.”

ಆ ಪೇಪರುಗಳೆಂದರೆ ನಿಹಾಲನಿಗೆ ಹುಟ್ಟಿದಾಗಿನಿಂದ ಹೊಟ್ಟೆಯುರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯವರು ವಿಮಾನದ ಇಂಧನ, ಇಂಜಿನ್ ಎಣ್ಣೆ ಅಂತ ಬರೆದಿಟ್ಟ ವರದಿಗಳು. ಗೆದ್ದ ಅಮೆರಿಕದವರು ಟನ್ನುಗಟ್ಟಲೆ ಹೊತ್ತು ತಂದು, ಪುಟಪುಟವನ್ನೂ ಫೋಟೋ ತೆಗೆದು ಫಿಲ್ಮ್ ಸುರುಳಿ ಮಾಡಿಟ್ಟರು. ಡೆಟ್ರಾಯಿಟ್‌ನ ಲ್ಯಾಬ್ ಒಂದರಲ್ಲಿ ಎಣ್ಣೆಯ ಕೆಮಿಸ್ಟ್ ಆಗಿದ್ದ ಅಪ್ಪ, ನೋವೈ ಊರಿನ ಮನೆಯ ಬೇಸ್‌ಮೆಂಟಿನಲ್ಲಿ ಆ ಸುರುಳಿಗಳ ಜೊತೆಯೇ ಸಂಸಾರ ಮಾಡಿದರು. ಮಗ ಪುಸ್ತಕ ಹಿಡಿದು ಹೋಗಿ “ಅಕ್ಷರ ಓಡಾಡ್ತವೆ ಅಪ್ಪ” ಅಂದರೆ, ತಲೆ ಕೂಡ ಎತ್ತದೆ “ಸೋಮಾರಿಗೆ ನೂರು ನೆಪ” ಅಂದರು. ಹನ್ನೆರಡನೇ ಕ್ಲಾಸು ಅರ್ಧಕ್ಕೆ ಬಿಟ್ಟ ದಿನ, “ಹೋಗು, ಕಂಡೋರ ಗಾಡಿಗೆ ಆಯಿಲ್ ಹಾಕ್ಕೊಂಡು ಬಿದ್ದಿರು” ಅಂದರು.

ಹೋದ. ಹಟಕ್ಕೆ ಅದನ್ನೇ ಮಾಡಿದ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕರೆ. ಬಾಲು ಕಳಿಸಿದ ಪುಟಗಳನ್ನು ಟ್ಯಾಬ್ಲೆಟ್ಟಿನಲ್ಲಿ ಹಿಗ್ಗಿಸಿ, ಒಂದು ಸಾಲು ಬಿಟ್ಟು ಉಳಿದದ್ದಕ್ಕೆಲ್ಲ ರಟ್ಟು ಮುಚ್ಚಿಕೊಂಡು ಓದುತ್ತಿದ್ದ. ರೈಲಿನ ಹಾಗೆ ಉದ್ದುದ್ದ ಪದಗಳು. ಎಡವುತ್ತಿದ್ದ, ನಿಲ್ಲುತ್ತಿದ್ದ, ಬೆವರುತ್ತಿದ್ದ.

“ನಿಧಾನ ಓದಪ್ಪ,” ಅನ್ನುತ್ತಿದ್ದರು ಅಪ್ಪ. “ಏನೂ ಅವಸರ ಇಲ್ಲ. ಬೇಕಾದಷ್ಟು ಹೊತ್ತು ತಗೋ.”

ಆ ಮಾತಿಗೆ ನಿಹಾಲನ ಮೈ ಉರಿಯುತ್ತಿತ್ತು. ಹೊಟ್ಟೆಯಲ್ಲಿ ಹುಟ್ಟಿದವನಿಗೆ ಒಂದು ದಿನ ಕೊಡದ ತಾಳ್ಮೆಯನ್ನು ಯಾವನೋ ಜೈಗೆ ಸುರಿಯುತ್ತಿದ್ದಾರೆ. ಬಿಟ್ಟುಬಿಡೋಣ ಅಂದುಕೊಂಡರೆ ಭಾನುವಾರ ಬೆಳಿಗ್ಗೆ ಕೈ ತಾನೇ ಫೋನಿಗೆ ಹೋಗುತ್ತಿತ್ತು.

ಒಂದೊಂದು ಸಲ ಅವನು ಎಡವಿದ ವಾಕ್ಯವನ್ನು ಅಪ್ಪನೇ ಪೂರ್ತಿ ಮಾಡುತ್ತಿದ್ದರು, ಅವನು ಇನ್ನೂ ಓದಿರದ ಅಂಕಿಅಂಶದ ಸಮೇತ. ಜಂಬ, ಅಂದುಕೊಂಡ. ಅಕ್ಷರ ಬಂದವರ ಜಂಬ.

ಓದಿದ ಮೇಲೆ ಅರ್ಥ ಹೇಳುತ್ತಿದ್ದರು. “ರಷ್ಯಾದ ಚಳೀಲಿ ಎಣ್ಣೆ ಬೆಲ್ಲದ ಪಾಕದ ಥರ ಗಟ್ಟಿಯಾಗೋದು. ಇಂಜಿನ್ನೇ ತಿರುಗ್ತಿರ್ಲಿಲ್ಲ. ಅದಕ್ಕೆ ಇಂಜಿನ್ ಆಫ್ ಮಾಡೋ ಮುಂಚೆ ಎಣ್ಣೆಗೆ ಪೆಟ್ರೋಲ್ ಬೆರೆಸಿಡೋರು.”

“ಬಿಸಿ ಆದ್ಮೇಲೆ ಪೆಟ್ರೋಲ್ ಹಾರಿಹೋಗತ್ತೆ, ಎಣ್ಣೆ ಮತ್ತೆ ದಪ್ಪ ಆಗತ್ತೆ.” ಕನ್ನಡದಲ್ಲೇ ಬಾಯಿ ಜಾರಿತು.

“ನಿನಗೆ ಹೇಗೆ ಗೊತ್ತು?”

“ರೆಡ್ ಇಟ್ ಇನ್ ಅ ಬುಕ್, ಅಂಕಲ್.”

“ಒಳ್ಳೇ ಬುಕ್ಕು,” ಎಂದರು ಅಪ್ಪ.

ಇನ್ನೊಂದು ಭಾನುವಾರ ಅವರೇ ಅಂದರು: “ಇಷ್ಟು ಬುದ್ಧಿವಂತ್ರು, ಆ ವಿಮಾನದ ಬಾಂಬು ಯಾರ ತಲೆ ಮೇಲೆ ಬೀಳತ್ತೆ ಅಂತ ಒಂದು ಸಾಲು ಬರೆದಿಲ್ಲ ನೋಡು. ಎಣ್ಣೆ ಅಳೆಯೋದ್ರಲ್ಲೇ ಮುಳುಗಿದ್ರೆ ಪಕ್ಕದಲ್ಲಿರೋ ಮನುಷ್ಯ ಕಾಣಲ್ಲ. ನಂಗೂ ಒಬ್ಬ ಮಗ ಇದ್ದಾನೆ.”

ನಿಹಾಲ್ ರಟ್ಟು ಪಕ್ಕಕ್ಕಿಟ್ಟ. “ವಾಟ್ ಡಸ್ ಹಿ ಡೂ, ಅಂಕಲ್?”

“ಕಷ್ಟಪಡ್ತಾನೆ. ಮುಂದಿನ ಪುಟ ಓದು.”

ಅಂದೇ ತೀರ್ಮಾನ ಮಾಡಿದ. ಕೊನೆಯ ಪುಟದ ಕೊನೆಯ ಸಾಲು ಓದಿ ಮುಗಿಸುವುದು. ಆಮೇಲೆ ಕನ್ನಡದಲ್ಲಿ, ತನ್ನ ಸ್ವಂತ ಗಂಟಲಲ್ಲಿ, “ಓದಿದ್ದು ನಾನು ಅಪ್ಪ” ಅನ್ನುವುದು. ಸೋಮಾರಿ ಅಂದ ಬಾಯಲ್ಲೇ “ನೀನಾ?” ಅನ್ನಿಸಬೇಕು. ಅಷ್ಟು ಸಾಕು ಅವನಿಗೆ.

ಹನ್ನೊಂದು ಪುಟ ಉಳಿದಿದ್ದಾಗ, ಒಂದು ಗುರುವಾರ, ದ್ವಾರಕಾನಾಥರು ಊಟದ ಟೇಬಲ್ ಮುಂದೆ ಕೂತಲ್ಲೇ ಹೋಗಿಬಿಟ್ಟರು.

ನಿಹಾಲ್ ಇನ್ನೂರೆಂಬತ್ತು ಮೈಲಿ ಒಂದೇ ಉಸಿರಿಗೆ ಡ್ರೈವ್ ಮಾಡಿದ. ಕ್ರಿಯೆಗಳನ್ನೆಲ್ಲ ಮಾಡಿ ಮುಗಿಸಿದ. ವೈಕುಂಠ ಸಮಾರಾಧನೆಗೆ ಬಂದವರು ಊಟ ಮಾಡಿ ಹೊರಟ ಮೇಲೆ ಬೇಸ್‌ಮೆಂಟಿಗಿಳಿದು, ಸುರುಳಿಯ ಡಬ್ಬಗಳನ್ನು ಕಸದ ಚೀಲಕ್ಕೆ ಎಸೆಯತೊಡಗಿದ. ಸದ್ದು ಕೇಳಿ ತಾಯಿ ಪ್ರಭಾ ಇಳಿದು ಬಂದರು.

“ಹನ್ನೊಂದು ಪುಟ ಅಮ್ಮ,” ಎಂದ. “ಹನ್ನೊಂದೇ ಹನ್ನೊಂದು. ಅಷ್ಟಕ್ಕೂ ಕಾಯ್ಲಿಲ್ಲ. ಅದು ನಾನು ಅಂತ ಗೊತ್ತಾಗ್ದೇನೇ ಹೋಗ್ಬಿಟ್ರು.”

ಪ್ರಭಾ ಕಪಾಟಿನಿಂದ ದಪ್ಪ ರಟ್ಟಿನ ಪುಸ್ತಕವೊಂದನ್ನು ತೆಗೆದು ಅವನ ಕೈಗಿಟ್ಟರು. ಆ ಜರ್ಮನ್ ಪುಟಗಳ ಅವೇ ನಕ್ಷೆಗಳು, ಅವೇ ಕೋಷ್ಟಕಗಳು, ಕೊನೆಯ ಹನ್ನೊಂದು ಪುಟವೂ ಸೇರಿ, ಆದರೆ ಇಂಗ್ಲಿಷಿನಲ್ಲಿ. ಅನುವಾದ: ದ್ವಾರಕಾನಾಥ. ಕೆಳಗಿದ್ದ ಇಸವಿ ನಿಹಾಲ್ ಹುಟ್ಟುವುದಕ್ಕೂ ಆರು ವರ್ಷ ಹಿಂದಿನದು.

“ಮುಗಿದಿತ್ತಾ?” ಎಂದ ನಿಹಾಲ್. “ಮತ್ತೆ ಎರಡು ವರ್ಷ ಜೈ ಕೈಲಿ ಯಾಕೆ ಓದಿಸಿದ್ರು?”

“‘ಅವನು ತನ್ನ ಹೆಸರಲ್ಲಿ ಫೋನ್ ಮಾಡಲ್ಲ ಪ್ರಭಾ’ ಅಂತಿದ್ರು,” ಎಂದರು ಅಮ್ಮ. “ಜೈ ಅನ್ನೋ ಹೆಸರು ಬಾಲೂಗೆ ಹೇಳಿಕೊಟ್ಟಿದ್ದೇ ನಿಮ್ಮಪ್ಪ ಕಣೋ.”