ಬೇರೆ ಒಲೆ

“ಅಜ್ಜಿ, ನಿಜ ಹೇಳಿ. ನಿಮ್ಮ ಅಡುಗೆ ಬೇರೇನಾ, ಒಟ್ಟಿಗೇನಾ?” ಸಹಾಯಧನದ ಅರ್ಜಿ ಹಿಡಿದು ಮನೆ ನೋಡಲು ಬಂದಿದ್ದ ಮೇಡಂ, ಮೂಲೆಯಲ್ಲಿದ್ದ ಎರಡನೆಯ ಸ್ಟವ್ ಮೇಲೆ ಬೆರಳಾಡಿಸಿದರು. ಬೆರಳಿಗೆ ದೂಳು ಹತ್ತಿತು.

ಸೊಸೆ ಆ ಬೆರಳನ್ನೇ ನೋಡಿದಳು. ಸರ್ಕಾರದ ಲೆಕ್ಕದಲ್ಲಿ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರೆಲ್ಲ ಒಂದೇ ಕುಟುಂಬ. ಅತ್ತೆಯ ಪಿಂಚಣಿ ಸೇರಿದರೆ ವರಮಾನದ ಮಿತಿ ದಾಟಿ ಅರ್ಜಿ ಬಿದ್ದುಹೋಗುತ್ತದೆ. ಹೊಲಿಗೆ ಕೆಲಸ ನಿಂತು ಎರಡು ತಿಂಗಳು, ಮಕ್ಕಳಿಗೆ ಅರೆಹೊಟ್ಟೆ. ಪಕ್ಕದ ಮನೆಯಿಂದ ಬೆಳಿಗ್ಗೆಯಷ್ಟೇ ತಂದಿಟ್ಟ ಸ್ಟವ್ವನ್ನು ಒರೆಸುವುದೇ ಮರೆತಿದ್ದಳು.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಒಟ್ಟಿಗೆ? ಇವಳ ಜೊತೆ? ಕೈ ನಡುಗುತ್ತೆ ತಾಯಿ, ಸ್ಟವ್ ಹೇಗೆ ಹಚ್ಚಲಿ? ಅಂಗಡಿ ಬನ್ನು ನೀರಲ್ಲಿ ನೆನೆಸ್ಕೊಂಡು ತಿಂತೀನಿ. ಈ ಮಹಾರಾಯ್ತಿ ಒಂದು ತುತ್ತು ಹಾಕೋಳಲ್ಲ.”

ಸೊಸೆ ಹೇಳಿಕೊಟ್ಟ ಮಾತು ಇದಾಗಿರಲಿಲ್ಲ; ಬೇರೆ ಬೇಯಿಸಿಕೊಳ್ಳುತ್ತೇನೆ ಅನ್ನಿ ಎಂದಷ್ಟೇ ಹೇಳಿದ್ದಳು. ಬೆಳಿಗ್ಗೆ ತನ್ನ ಪಾಲನ್ನೂ ಅತ್ತೆಯ ತಟ್ಟೆಗೇ ಬಡಿಸಿದ್ದ ಸೊಸೆ ಬಾಯಿ ತೆರೆದಳು. ಅತ್ತೆ ಅವಳ ಮುಖ ನೋಡದೆ ಗೋಡೆ ನೋಡುತ್ತಿದ್ದಳು.

“ಹೌದೇನಮ್ಮ? ಹೆತ್ತ ತಾಯಿಗಾದರೆ ಹೀಗೆ ಮಾಡ್ತಿದ್ಯಾ?” ಮೇಡಂ ಪೆನ್ನು ಹಿಡಿದು ಕಾದರು.

“ಹಾಕಲ್ಲ ಮೇಡಂ,” ಎಂದಳು ಸೊಸೆ, ಮಕ್ಕಳಿಗೂ ಕೇಳುವಂತೆ. “ಈ ಮುದುಕಿಗೆ ನಾನ್ಯಾಕೆ ಹಾಕಲಿ?”